ಪ್ರಾಕ್ಸಿ ವರದಿಯ ‘ಗಂಟೆ’ ನೋಡಿ ನೋಟಿಸ್ ಕೊಡುವ ಮುನ್ನ

ಮಾನ್ಯ ಸಂಪಾದಕರೇ,

ಕಾಲೇಜು, ಕಚೇರಿ, ಸಹಕಾರಿ ಸಂಸ್ಥೆಗಳಲ್ಲಿ ‘ಇಂಟರ್ನೆಟ್ ಬಳಕೆ ವರದಿ’ ಎಂಬ ಪ್ರಿಂಟೌಟ್ ಹಿಡಿದು ಸಿಬ್ಬಂದಿಯಿಂದಲೋ ವಿದ್ಯಾರ್ಥಿಗಳಿಂದಲೋ ವಿವರಣೆ ಕೇಳುವ ಪರಿಪಾಠವಿದೆ. ಹಾಳೆಯಲ್ಲಿ ಒಂದು ಹೆಸರು, ಅದರ ಮುಂದೆ ಒಂದು ಜಾಲತಾಣ, ಅದರ ಮುಂದೆ ‘6 ಗಂಟೆ 42 ನಿಮಿಷ’. ಇಷ್ಟಿದ್ದರೆ ಕಾರಣ ಕೇಳುವ ನೋಟಿಸ್ ತಯಾರು. ಈ ಹಾಳೆ ಹುಟ್ಟುವುದು ಪ್ರಾಕ್ಸಿ ಸರ್ವರಿನ, ಅಂದರೆ ಬಳಕೆದಾರರ ಇಂಟರ್ನೆಟ್ ಕೋರಿಕೆಗಳನ್ನು ನಡುವೆ ನಿಂತು ಸಾಗಿಸುವ ಯಂತ್ರದ, ಲಾಗ್ (ದಾಖಲೆ) ಫೈಲಿನಿಂದ. ಲಾಗ್ ಓದಿ ಕೋಷ್ಟಕ ಕಟ್ಟಿಕೊಡುವ ತಂತ್ರಾಂಶಗಳು ಬೇಕಾದಷ್ಟಿವೆ, ಕೆಲಸಕ್ಕೆ ಬರುವ ಹಲವು ಪುಕ್ಕಟೆ ಸಿಗುತ್ತವೆ. ಅವು ಕೂಡುವುದರಲ್ಲಿ ತಪ್ಪು ಮಾಡುವುದು ಅಪರೂಪ. ಏನನ್ನು ಕೂಡಿವೆ ಎಂದು ತಿಳಿಯದೆ ಮೊತ್ತವನ್ನಷ್ಟೇ ಓದುವುದರಿಂದ ಅನಾಹುತವಾಗುತ್ತಿದೆ.

ಉದಾಹರಣೆಗೆ ಸ್ಕ್ವಿಡ್ ಎಂಬ ಪ್ರಾಕ್ಸಿ ತಂತ್ರಾಂಶ ತೆಗೆದುಕೊಳ್ಳೋಣ. 1996ರಲ್ಲಿ ಹಾರ್ವೆಸ್ಟ್ ಎಂಬ ಸಂಶೋಧನಾ ಯೋಜನೆಯ ಕವಲಾಗಿ ಹೊರಬಂದ ಮುಕ್ತ ತಂತ್ರಾಂಶವಿದು. ಬದಲಿಸದಿದ್ದರೆ 3128ನೇ ಪೋರ್ಟಿನಲ್ಲಿ (ಯಂತ್ರದ ಸಂಖ್ಯೆ ಹಾಕಿದ ಸಂಪರ್ಕದ್ವಾರದಲ್ಲಿ) ಕೂತು ಕೆಲಸ ಮಾಡುತ್ತದೆ. ಕಚೇರಿಯ ಆವಕ–ಜಾವಕ ವಹಿ ಇದ್ದಂತೆ ಇದು ಆಕ್ಸೆಸ್ ಲಾಗ್ ಬರೆಯುತ್ತದೆ: ಒಂದು ಕೋರಿಕೆಗೆ ಒಂದು ಸಾಲು, ಒಂದು ಸಾಲಿಗೆ ಹತ್ತು ಕಾಲಂ. ಕ್ರಮವಾಗಿ ಹೇಳುವುದಾದರೆ ಸಮಯ, ಹಿಡಿದ ಅವಧಿ, ಕೇಳಿದ ಯಂತ್ರದ ಐಪಿ (ಜಾಲದಲ್ಲಿ ಅದರ ವಿಳಾಸಸಂಖ್ಯೆ), ಫಲಿತಾಂಶ ಮತ್ತು ಸ್ಥಿತಿ ಸಂಖ್ಯೆ, ಬೈಟ್‌ಗಳು, ವಿಧಾನ, ವಿಳಾಸ, ಬಳಕೆದಾರನ ಹೆಸರು, ಎಲ್ಲಿಂದ ತಂದದ್ದು, ಕಡತದ ಬಗೆ. ವರದಿ ಎಷ್ಟೇ ಬಣ್ಣಬಣ್ಣದ ಗ್ರಾಫ್ ತೋರಿಸಲಿ, ಈ ಹತ್ತರಲ್ಲಿ ಇಲ್ಲದ್ದನ್ನು ಅದು ಹೇಳಲಾರದು.

ಒಂದು ಸಾಲನ್ನು ಬಿಡಿಸಿ ನೋಡಿ. ಮೊದಲ ಕಾಲಂ 1700047800.412, ಎರಡನೆಯದು 14400250, ನಾಲ್ಕನೆಯದು ‘ಟಿಸಿಪಿ ಟನಲ್’ (ಸುರಂಗ ಸಂಪರ್ಕ) ಮತ್ತು 200 (ಯಶಸ್ವಿ), ಐದನೆಯದು 61240, ಆರನೆಯದು ‘ಕನೆಕ್ಟ್’. ಮೊದಲ ಸಂಖ್ಯೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡು. ನಮ್ಮ ಗಡಿಯಾರದಲ್ಲಿ 2023ರ ನವೆಂಬರ್ 15ರ ಸಂಜೆ 5 ಗಂಟೆ. ಎರಡನೆಯದು ಮಿಲಿಸೆಕೆಂಡು, ಅಂದರೆ ನಾಲ್ಕು ಗಂಟೆ. ಸ್ಕ್ವಿಡ್ ಸಾಲು ಬರೆಯುವುದು ಕೆಲಸ ಮುಗಿದ ಮೇಲೆ. ಹಾಗಾಗಿ ಈ ಸಂಪರ್ಕ ಶುರುವಾದದ್ದು ಮಧ್ಯಾಹ್ನ 1 ಗಂಟೆಗೆ, ಮುಗಿದದ್ದು 5ಕ್ಕೆ. ಗಂಟೆವಾರು ಕೋಷ್ಟಕದಲ್ಲಿ ಮಾತ್ರ ಇಡೀ ಸಾಲು 5ರ ಮನೆಯಲ್ಲಿ ಬೀಳುತ್ತದೆ.

ಈ ನಾಲ್ಕು ಗಂಟೆಯಲ್ಲಿ ಬಂದದ್ದು 61,240 ಬೈಟ್, ಸುಮಾರು 60 ಕೆಬಿ. ಮೊಬೈಲಿನಲ್ಲಿ ತೆಗೆದ ಒಂದು ಸಾಧಾರಣ ಫೋಟೊದ ಗಾತ್ರವೂ ಅದಕ್ಕಿಲ್ಲ. ನಾಲ್ಕು ಗಂಟೆ ಯಾರೂ ಏನನ್ನೂ ನೋಡುತ್ತ ಕೂತಿರಲಾರರು. ಬ್ರೌಸರಿನ ಯಾವುದೋ ಟ್ಯಾಬ್, ಅಥವಾ ಹೊಸ ಸಂದೇಶ ಬಂತೇ ಎಂದು ಆಗಾಗ ವಿಚಾರಿಸುವ ನೋಟಿಫಿಕೇಶನ್ ಸೇವೆ, ಸರ್ವರಿನ ಜೊತೆ ಒಂದು ಸುರಂಗವನ್ನು ತೆರೆದಿಟ್ಟುಕೊಂಡಿದೆ, ಅಷ್ಟೆ. ಎಚ್‌ಟಿಟಿಪಿಎಸ್ (ಗೂಢಲಿಪಿಯಲ್ಲಿ ಮಾತಾಡುವ) ಜಾಲತಾಣಗಳಿಗೆಲ್ಲ ಪ್ರಾಕ್ಸಿಯ ಮೂಲಕ ಹೋಗುವ ದಾರಿ ಈ ಸುರಂಗವೇ. ಆಗಾಗ ಒಂದೆರಡು ಬೈಟ್ ಆಡುತ್ತಿದ್ದರೆ ಸಾಕು, ಅದು ಮುಚ್ಚುವುದಿಲ್ಲ. ಸ್ಕ್ವಿಡ್‌ನಲ್ಲಿ ಒಂದು ಗ್ರಾಹಕ ಸಂಪರ್ಕಕ್ಕೆ ಮೊದಲೇ ಇಟ್ಟಿರುವ ಗರಿಷ್ಠ ಆಯಸ್ಸು ಒಂದು ಪೂರ್ತಿ ದಿನ. ಕುರ್ಚಿಯಲ್ಲಿ ಇದ್ದವರು ಊಟಕ್ಕೆ ಹೋಗಿರಬಹುದು, ಕಂಪ್ಯೂಟರ್ ಲಾಕ್ ಆಗಿರಬಹುದು, ಲಾಗ್ ಅದನ್ನು ಕಾಣದು.

ವರದಿ ತಂತ್ರಾಂಶ ಇಂತಹ ಅವಧಿಗಳನ್ನೆಲ್ಲ ಕೂಡಿ ‘ಎಲಾಪ್ಸ್ಡ್ ಟೈಮ್’ ಎಂಬ ತಲೆಬರಹದಡಿ ಹಾಕುತ್ತದೆ. ಒಟ್ಟಿಗೆ ಹತ್ತು ಸುರಂಗ ಒಂದೊಂದು ಗಂಟೆ ತೆರೆದಿದ್ದರೆ ಮೊತ್ತ ಹತ್ತು ಗಂಟೆ. ಅದಕ್ಕೇ ಒಬ್ಬರ ಹೆಸರಿನಲ್ಲಿ ಒಂದೇ ದಿನಕ್ಕೆ 31 ಗಂಟೆ ಎಂಬ ಅಂಕಿಯೂ ಬರುವುದುಂಟು. ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ ಎಂಬುದು ನೆನಪಾದರೆ ಅಲ್ಲಿಗೇ ಅನುಮಾನ ಹುಟ್ಟಬೇಕು. ಸಾರ್ಗ್ ಎಂಬ ವರದಿ ತಂತ್ರಾಂಶದ ಸಂರಚನಾ ಕಡತದಲ್ಲಿ ‘ಮ್ಯಾಕ್ಸ್ ಎಲಾಪ್ಸ್ಡ್’ ಎಂಬ ಸಾಲಿದೆ. ಅಲ್ಲಿ 28800000 ಎಂದು, ಅಂದರೆ ಎಂಟು ಗಂಟೆ ಎಂದು ಕೊಟ್ಟರೆ ಅದಕ್ಕಿಂತ ಉದ್ದದ ಸಾಲುಗಳ ಅವಧಿಯನ್ನು ಅದು ಸೊನ್ನೆ ಎಂದು ಹಿಡಿಯುತ್ತದೆ. ಎಂಟು ಗಂಟೆಯೊಳಗಿನ ಸುರಂಗಗಳು ಆಗಲೂ ಹಾಗೇ ಉಳಿಯುತ್ತವೆ. ಇದನ್ನು 600000ಕ್ಕೆ, ಅಂದರೆ ಹತ್ತು ನಿಮಿಷಕ್ಕೆ ಇಳಿಸಿದರೆ ಉಬ್ಬರ ಬಹಳ ತಗ್ಗುತ್ತದೆ. ಆದರೆ ನಿಜವಾಗಿ ಅರ್ಧ ಗಂಟೆ ಹಿಡಿದ ದೊಡ್ಡ ಡೌನ್‌ಲೋಡ್ ಕೂಡ ಸೊನ್ನೆಯಾಗುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ ಸಮಯದ ಕಾಲಂ ಅನ್ನು ವರದಿಯಿಂದ ಕಿತ್ತುಹಾಕುವುದೇ ಲೇಸು. ಬೈಟ್ ಲೆಕ್ಕ ನಂಬಬಹುದು, ಸಮಯದ ಲೆಕ್ಕವನ್ನು ನಂಬುವಂತಿಲ್ಲ. ಅದೇ ಸಾರ್ಗ್ ವರದಿಯಲ್ಲಿ ‘ಕನೆಕ್ಟ್’ ಎಂಬ ಇನ್ನೊಂದು ಕಾಲಂ ಇದೆ. ಅದು ಕೋರಿಕೆಗಳ ಎಣಿಕೆ. ‘ಇಷ್ಟು ಸಲ ಆ ಸೈಟಿಗೆ ಹೋದರು’ ಎಂದು ಅದನ್ನು ಓದಬಾರದು, ಒಂದು ಪುಟ ತೆರೆದರೇ ಹತ್ತಾರು ಕೋರಿಕೆ ಹೊರಡುತ್ತವೆ.

ಆ ಹತ್ತಾರು ಕೋರಿಕೆ ಹೋಗುವುದು ಎಲ್ಲಿಗೆ ಎಂಬುದೂ ಮುಖ್ಯ. ಒಂದು ಸುದ್ದಿ ಪುಟ ತೆರೆದರೆ ಅದರ ಜೊತೆಗೆ ಜಾಹೀರಾತಿನ ಸರ್ವರ್, ಓದುಗರನ್ನು ಎಣಿಸುವ ಸರ್ವರ್, ಫಾಂಟ್ ಕೊಡುವ ಸರ್ವರ್ ಎಲ್ಲವೂ ಬಳಕೆದಾರನ ಹೆಸರಿನಲ್ಲೇ ದಾಖಲಾಗುತ್ತವೆ. ಆತ ಬೆರಳಿನಿಂದ ಟೈಪ್ ಮಾಡಿದ ವಿಳಾಸ ಒಂದೇ. ಬಾಜಿ ಕಟ್ಟುವ ಆ್ಯಪಿನ ಜಾಹೀರಾತು ಪುಟದ ಮೂಲೆಯಲ್ಲಿ ಬಂದರೆ ಆ ಡೊಮೇನ್ ಕೂಡ ಲಾಗ್ ಸೇರುತ್ತದೆ. ಸಾಲದ್ದಕ್ಕೆ, ಮುಂದೆ ಬೇಕಾದೀತು ಎಂದು ಬ್ರೌಸರುಗಳು ಮೊದಲೇ ಸಂಪರ್ಕ ತೆರೆದಿಡುತ್ತವೆ. ಸಂಶಯ ಬಂದ ಸಾಲಿನಲ್ಲಿ ಐದನೇ ಕಾಲಂ ಕೆಲವೇ ಕೆಬಿ ಇದ್ದು, ಅದರ ಆಚೀಚೆ ಒಂದೆರಡು ಸೆಕೆಂಡಿನಲ್ಲಿ ಬೇರೆ ಪುಟವೊಂದರ ಸಾಲುಗಳು ಗುಂಪಾಗಿ ಇದ್ದರೆ ಅದು ಹೆಚ್ಚಾಗಿ ಹೀಗೆ ತಾನಾಗಿ ಬಂದದ್ದು. ಎಚ್‌ಟಿಟಿಪಿಎಸ್ ಆದ್ದರಿಂದ ಡೊಮೇನ್ ಹೆಸರು ಮತ್ತು 443 ಎಂಬ ಪೋರ್ಟ್ ಬಿಟ್ಟು ಒಳಗಿನ ಪುಟ ಯಾವುದು ಎಂಬುದು ಕಾಣುವುದೇ ಇಲ್ಲ. ಯೂಟ್ಯೂಬ್‌ನಲ್ಲಿ ನೋಡಿದ್ದು ಗಣಿತದ ಪಾಠವೋ ಸಿನಿಮಾ ಹಾಡೋ ಎಂದು ಲಾಗ್ ಹೇಳಲಾರದು. ಯೂಟ್ಯೂಬ್ ಹೆಸರಿನಡಿ ಬೈಟ್ ಕೂಡ ಕಡಿಮೆಯೇ ಕಾಣುತ್ತದೆ, ವಿಡಿಯೊ ಹರಿದು ಬರುವುದು ಗೂಗಲ್‌ವಿಡಿಯೊ ಡೊಮೇನಿನ ಅರ್ಥವಾಗದ ಉಪಹೆಸರುಗಳಿಂದ.

ಪ್ರಾಕ್ಸಿಯನ್ನು ಬ್ರೌಸರಿನಲ್ಲಿ ನಮೂದಿಸದೆ ದಾರಿಯಲ್ಲೇ ತಡೆದು ಹಿಡಿಯುವ ಪದ್ಧತಿ ಇದ್ದರೆ ಇನ್ನೂ ತೊಡಕು. ಆಗ ಡೊಮೇನ್ ಬದಲು ಬರೀ ಐಪಿ ಬರುತ್ತದೆ. ಅದನ್ನು ಹಿಮ್ಮುಖವಾಗಿ ಹುಡುಕಿ ಹೆಸರು ಹಾಕುವ ತಂತ್ರಾಂಶಕ್ಕೆ ಸಿಗುವುದು ಸಾವಿರಾರು ಸೈಟುಗಳಿಗೆ ಜಾಗ ಕೊಟ್ಟ ಕ್ಲೌಡ್ ಕಂಪನಿಯ ಹೆಸರು. ಸ್ಕ್ವಿಡ್‌ನ ‘ಪೀಕ್’ ಮತ್ತು ‘ಸ್ಪ್ಲೈಸ್’ ಬಳಸಿದರೆ, ಒಳಗಿನದನ್ನು ಬಿಚ್ಚದೆ, ಸುರಂಗ ಶುರುವಾಗುವಾಗ ಬ್ರೌಸರ್ ಹೇಳುವ ಸೈಟಿನ ಹೆಸರನ್ನಷ್ಟೇ ಓದಿ ಲಾಗ್‌ಗೆ ಹಾಕಬಹುದು. ‘ಬಂಪ್’ ಮಾಡಿ ಪೂರ್ತಿ ಬಿಚ್ಚಬೇಕೆಂದರೆ ಪ್ರತಿ ಯಂತ್ರದಲ್ಲೂ ಸಂಸ್ಥೆಯ ಪ್ರಮಾಣಪತ್ರ ಕೂರಿಸಬೇಕು. ಹಾಗೆ ಮಾಡಿದಲ್ಲಿ ಹಲವು ಆ್ಯಪ್‌ಗಳು ತೆರೆಯುವುದೇ ಇಲ್ಲ, ನೌಕರರ ಬ್ಯಾಂಕ್ ಪಾಸ್‌ವರ್ಡ್ ಪ್ರಾಕ್ಸಿಯ ಮೂಲಕ ಬಿಚ್ಚಿದ ಸ್ಥಿತಿಯಲ್ಲಿ ಹಾದುಹೋಗುತ್ತದೆ. ವರದಿ ಚೆಂದ ಕಾಣಲಿ ಎಂಬ ಕಾರಣಕ್ಕೆ ಇದಕ್ಕೆ ಕೈಹಾಕಬಾರದು.

ಇನ್ನು ‘ಯಾರು’ ಎಂಬ ಪ್ರಶ್ನೆ. ಮೂರನೇ ಕಾಲಂನಲ್ಲಿರುವುದು ಯಂತ್ರದ ಐಪಿ. ಅದನ್ನು ಹಂಚುವುದು ಡಿಎಚ್‌ಸಿಪಿ ಎಂಬ ಸೇವೆ. ಬೆಳಿಗ್ಗೆ ಒಬ್ಬರಲ್ಲಿದ್ದ ಐಪಿ ಸಂಜೆ ಮತ್ತೊಬ್ಬರಲ್ಲಿ. ಸಾರ್ಗ್‌ನ ‘ಯೂಸರ್‌ಟ್ಯಾಬ್’ ಕಡತದಲ್ಲೋ ಲೈಟ್‌ಸ್ಕ್ವಿಡ್ ಎಂಬ ಇನ್ನೊಂದು ವರದಿ ತಂತ್ರಾಂಶದ ‘ರಿಯಲ್‌ನೇಮ್’ ಕಡತದಲ್ಲೋ ಐಪಿಯ ಮುಂದೆ ಎಂದೋ ಬರೆದಿಟ್ಟ ಹೆಸರು ಮಾತ್ರ ಹಾಗೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬೀಳುವುದು ಇಲ್ಲಿಯೇ. ಯಂತ್ರದ ಜಾಲ ಚಿಪ್ಪಿಗಿರುವ ಮ್ಯಾಕ್ ವಿಳಾಸ ಹಿಡಿದು ಪತ್ತೆ ಮಾಡೋಣವೆಂದರೆ ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಫೋನುಗಳು ವೈಫೈಗೆ ಕೃತಕ ಮ್ಯಾಕ್ ವಿಳಾಸ ಕೊಡುತ್ತವೆ. ಹಾಸ್ಟೆಲಿನಲ್ಲಿ ಪ್ರಾಕ್ಸಿಗೂ ವಿದ್ಯಾರ್ಥಿಗಳಿಗೂ ನಡುವೆ ನ್ಯಾಟ್ ಮಾಡುವ, ಅಂದರೆ ಎಲ್ಲರನ್ನೂ ತನ್ನೊಂದೇ ಐಪಿಯಿಂದ ಹೊರಗೆ ಕಳಿಸುವ ವೈಫೈ ರೂಟರ್ ಇದ್ದರಂತೂ ಇಡೀ ಮಹಡಿ ಒಂದೇ ಐಪಿ.

ಎಂಟನೇ ಕಾಲಂನಲ್ಲಿ ಲಾಗಿನ್ ಹೆಸರು ಬರುವಂತೆ ಮಾಡುವುದೇ ಇದಕ್ಕೆ ಸರಿಯಾದ ದಾರಿ. ದಾರಿಯಲ್ಲಿ ತಡೆಯುವ ಪದ್ಧತಿಯಲ್ಲಿ ಪ್ರಾಕ್ಸಿ ಲಾಗಿನ್ ಕೆಲಸ ಮಾಡುವುದಿಲ್ಲ, ಬ್ರೌಸರಿನಲ್ಲಿ ಪ್ರಾಕ್ಸಿ ನಮೂದಿಸಲೇಬೇಕು. ಲಾಗಿನ್ ಬಂದಮೇಲೂ ಒಬ್ಬರೇ ವ್ಯಕ್ತಿ ಎರಡಾಗಿ ಕಾಣಬಹುದು: ಒಂದು ಬಗೆಯ ದೃಢೀಕರಣದಲ್ಲಿ ಹೆಸರಿನ ಹಿಂದೆ ಡೊಮೇನ್ ಮತ್ತು ಓರೆಗೆರೆ, ಇನ್ನೊಂದರಲ್ಲಿ ಹೆಸರಿನ ಮುಂದೆ ಅಟ್ ಚಿಹ್ನೆ ಮತ್ತು ಡೊಮೇನ್. ಎರಡನ್ನೂ ಒಂದಾಗಿಸಲು ತಂತ್ರಾಂಶದ ಅಲಿಯಾಸ್ ಕಡತದಲ್ಲಿ ಬರೆಯಬೇಕು.

ಲಾಗಿನ್ ಇದ್ದಲ್ಲಿ 407 ಎಂಬ ಸಂಖ್ಯೆಯ ಸಾಲುಗಳು ರಾಶಿ ಬೀಳುತ್ತವೆ. ‘ನೀನು ಯಾರು ಹೇಳು’ ಎಂದು ಪ್ರಾಕ್ಸಿ ಕೇಳಿದ್ದಕ್ಕೆ ಆ ಸಂಖ್ಯೆ. ಎನ್‌ಟಿಎಲ್‌ಎಂ ಎಂಬ ಲಾಗಿನ್ ವಿಧಾನದಲ್ಲಿ ಪ್ರತಿ ಹೊಸ ಸಂಪರ್ಕಕ್ಕೂ ಎರಡು ಸಲ 407 ಬಂದು ಆಮೇಲೆ 200 ಬರುವುದು ಸಹಜ ನಡೆ. ಅದನ್ನು ‘ನಿಷೇಧಿತ ಸೈಟಿಗೆ ಯತ್ನ’ ಎಂದು ಎಣಿಸಿದರೆ ದಿನವಿಡೀ ನಿಯತ್ತಾಗಿ ಕೆಲಸ ಮಾಡಿದವರೇ ಪಟ್ಟಿಯ ಮೇಲ್ತುದಿಯಲ್ಲಿ ಕೂರುತ್ತಾರೆ. ನಿಜವಾದ ತಡೆ 403. ಇವೆರಡನ್ನೂ ‘ಡಿನೈಡ್’ ಎಂಬ ಒಂದೇ ಬುಟ್ಟಿಗೆ ಹಾಕುವ ತಂತ್ರಾಂಶವನ್ನು ಮುಟ್ಟಬೇಡಿ.

ಲಾಗ್‌ಗೆ ಬಾರದೇ ಹೋಗುವುದೂ ಇದೆ. ಐದನೇ ಕಾಲಂ ಬಳಕೆದಾರನಿಗೆ ತಲುಪಿದ ಬೈಟ್ ಮಾತ್ರ, ಆತ ಹೊರಗೆ ಕಳಿಸಿದ್ದು ಅದರಲ್ಲಿಲ್ಲ. ಕಡತ ಸೋರಿಕೆಯ ತನಿಖೆಗೆ ಈ ವರದಿ ಹಿಡಿದರೆ ಕೈಗೆ ಏನೂ ಹತ್ತದು. ಈಗ ನಡೆಯುತ್ತಿರುವ ಡೌನ್‌ಲೋಡ್ ಮುಗಿಯುವ ತನಕ ಸಾಲು ಬೀಳುವುದಿಲ್ಲ. ‘ಈ ಕ್ಷಣ ಲೈನ್ ಯಾರು ತಿನ್ನುತ್ತಿದ್ದಾರೆ’ ಎಂದು ನೋಡಲು ಸ್ಕ್ವಿಡ್‌ನ ಕ್ಯಾಶ್ ಮ್ಯಾನೇಜರಿನಲ್ಲಿ ‘ಆಕ್ಟಿವ್ ರಿಕ್ವೆಸ್ಟ್ಸ್’ ಪುಟವಿದೆ. ಫೈರ್‌ವಾಲ್‌ನಲ್ಲಿ ಹೊರಗಿನ 80 ಮತ್ತು 443 (ಜಾಲತಾಣಗಳ ಪೋರ್ಟ್‌ಗಳು) ನೇರವಾಗಿ ತೆರೆದಿದ್ದರೆ ಬ್ರೌಸರಿನಿಂದ ಪ್ರಾಕ್ಸಿ ತೆಗೆದವರು ಲಾಗ್‌ನಿಂದಲೇ ಮಾಯ. ಎರಡು ಸಾಗಣೆ ವಿಧಾನಗಳಲ್ಲಿ ಟಿಸಿಪಿ ಮಾತ್ರ ಮುಚ್ಚಿ ಯುಡಿಪಿ 443 ಬಿಟ್ಟಿದ್ದರೆ ಯುಡಿಪಿ ಬಳಸುವ ಕ್ವಿಕ್ ಪ್ರೋಟೊಕಾಲ್ ಆ ಕಿಂಡಿಯಲ್ಲಿ ನುಸುಳುತ್ತದೆ. ಎರಡನ್ನೂ ಮುಚ್ಚದೆ ವರದಿ ತೆಗೆದರೆ ಸಿಕ್ಕಿಬೀಳುವವರು ನಿಯಮ ಪಾಲಿಸಿದವರೇ.

ಗಡಿಯಾರದ ವಿಷಯಕ್ಕೆ ಬರೋಣ. ಲಾಗ್‌ನ ಸಮಯ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದ್ದು, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ವರದಿ ತಯಾರಿಸುವ ಯಂತ್ರದ ಕಾಲವಲಯ ಯುಟಿಸಿ ಆಗಿದ್ದರೆ ಬೆಳಿಗ್ಗೆ 9.30ರ ಕೆಲಸ 4 ಗಂಟೆಯದೆಂದು ಕಾಣುತ್ತದೆ, ದಿನ ಬದಲಾಗುವುದು ಮುಂಜಾನೆ 5.30ಕ್ಕೆ. 1700000000 ಎಂಬ ಸಂಖ್ಯೆ ನಮಗೆ ನವೆಂಬರ್ 15ರ ನಸುಕಿನ 3.43, ಯುಟಿಸಿಯಲ್ಲಿ ಅದು 14ರ ರಾತ್ರಿ 10.13. ತಾರೀಕೇ ಬೇರೆ! ಕರೆಂಟು ಹೋಗಿ ಬಂದಾಗ ಬೋರ್ಡಿನ ಸಣ್ಣ ಬ್ಯಾಟರಿ ಸತ್ತಿದ್ದರೆ ಗಡಿಯಾರ ಎಲ್ಲಿಗೋ ಹಾರಿರುತ್ತದೆ. ಕೇಂದ್ರ ಸರ್ಕಾರದ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರಿಗೆ ಯಂತ್ರವನ್ನು ಹೊಂದಿಸಿಡಬೇಕು.

ಯಾವ ತಂತ್ರಾಂಶ ಒಳ್ಳೆಯದು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಸಾರ್ಗ್ ಸಿ ಭಾಷೆಯದು, ವೇಗ ಚೆನ್ನಾಗಿದೆ. ಆದರೆ ಪ್ರತಿ ಬಳಕೆದಾರನಿಗೂ ಪುಟಗಳನ್ನು ಸೃಷ್ಟಿಸುವುದರಿಂದ ಡಿಸ್ಕಿನಲ್ಲಿ ಜಾಗವಿದ್ದರೂ ಐನೋಡ್ (ಕಡತಗಳ ಸಂಖ್ಯೆಗಿರುವ ಮಿತಿ) ಮುಗಿದುಹೋಗಬಹುದು. ‘ಲಾಸ್ಟ್‌ಲಾಗ್’ ಸಾಲಿನಲ್ಲಿ ಎಷ್ಟು ವರದಿ ಉಳಿಯಬೇಕೆಂದು ಕೊಡಬೇಕು. ಲೈಟ್‌ಸ್ಕ್ವಿಡ್‌ಗೆ ಡೇಟಾಬೇಸ್ ಬೇಡ, ಪರ್ಲ್ ಭಾಷೆ ಸಾಕು, ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆಯಲ್ಲಿ) 20 ನಿಮಿಷಕ್ಕೊಮ್ಮೆ ಓಡಿಸಬಹುದು, ಹಳೆಯದಾಗಿದೆ. ಸ್ಕ್ವಿಡ್‌ಅನಲೈಸರ್ ಕೊನೆಯದಾಗಿ ಓದಿದ ಸಮಯ ನೆನಪಿಟ್ಟುಕೊಂಡು ಮುಂದಿನದನ್ನಷ್ಟೇ ಸೇರಿಸುತ್ತದೆ. ಹಾಗಾಗಿ ಹಳೆಯ ಲಾಗ್‌ಗಳನ್ನು ಉಣಿಸುವಾಗ ಅತಿ ಹಳೆಯದನ್ನು ಮೊದಲು ಕೊಡಬೇಕು, ಇಲ್ಲವಾದರೆ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಕ್ಯಾಶ್ (ಒಮ್ಮೆ ತಂದದ್ದನ್ನು ಮತ್ತೆ ಕೊಡಲು ಇಟ್ಟುಕೊಳ್ಳುವ ಸಂಗ್ರಹ) ಎಷ್ಟು ಕೆಲಸ ಮಾಡಿತು ಎಂಬ ಲೆಕ್ಕಕ್ಕೆ ಕ್ಯಾಲಮಾರಿಸ್. ಸುರಂಗದಲ್ಲಿ ಹೋದದ್ದನ್ನು ಕ್ಯಾಶ್ ಮಾಡಲಾಗದು, ಹಿಟ್ ಪ್ರಮಾಣ ತಳ ಕಚ್ಚಿದೆ ಎಂದು ಹೊಸ ಡಿಸ್ಕ್ ಕೊಳ್ಳಲು ಹೋಗಬೇಡಿ. ಬೇಗ ಒಂದು ನೋಟ ಬೇಕೆಂದರೆ ಗೋಆಕ್ಸೆಸ್ ಸ್ಕ್ವಿಡ್ ನಮೂನೆಯನ್ನು ನೇರ ಓದುತ್ತದೆ.

ಯಾವುದನ್ನೇ ಹಾಕಿ, ಮೂಲ ಹತ್ತು ಕಾಲಂನ ನಮೂನೆಯನ್ನು ಕೆದಕಬೇಡಿ. ನಡುವೆ ಒಂದು ಕಾಲಂ ತೂರಿಸಿದರೆ ವರದಿ ಖಾಲಿ ಬರುತ್ತದೆ, ಇಲ್ಲವೇ ಬೈಟ್ ಜಾಗದಲ್ಲಿ ಇನ್ನೇನೋ ಕೂಡಿಬರುತ್ತದೆ. ಹೆಚ್ಚಿನ ಮಾಹಿತಿ ಬೇಕಿದ್ದರೆ ಸ್ಕ್ವಿಡ್ ಸಂರಚನೆಯಲ್ಲಿ ‘ಆಕ್ಸೆಸ್ ಲಾಗ್’ ಸಾಲು ಇನ್ನೊಂದನ್ನು ಸೇರಿಸಿ ಬೇರೆ ಕಡತಕ್ಕೆ ಬರೆಸಬಹುದು.

ಹಣ ಕೊಟ್ಟು ಕೊಳ್ಳುವವರಿಗೆ ಒಂದು ಪರೀಕ್ಷೆ. ಒಂದು ದಿನದ ಲಾಗ್ ತೆಗೆದುಕೊಂಡು, ಒಟ್ಟು ಸಾಲು, ಐದನೇ ಕಾಲಂನ ಮೊತ್ತ, ಎಂಟನೇ ಕಾಲಂನ ಬೇರೆಬೇರೆ ಹೆಸರುಗಳ ಸಂಖ್ಯೆ, ಈ ಮೂರನ್ನು ಲಿನಕ್ಸ್‌ನ ಆಕ್ (awk) ಆದೇಶದಿಂದ ಎಣಿಸಿಕೊಳ್ಳಿ. ಐದು ನಿಮಿಷದ ಕೆಲಸ. ಅದೇ ಲಾಗನ್ನು ಮಾರಾಟಗಾರರ ತಂತ್ರಾಂಶಕ್ಕೆ ಕೊಟ್ಟು ತಾಳೆ ನೋಡಿ. ವ್ಯತ್ಯಾಸ ಬರುವುದು ಸಹಜ: 407ರ ಸಾಲುಗಳು, ಬರಿದೇ ಪೋರ್ಟ್ ತಟ್ಟಿ ಹೋದ ‘ನನ್’ ಮತ್ತು 000 ಸಾಲುಗಳು ಬಿಟ್ಟಿರಬಹುದು. ಏನನ್ನು ಬಿಟ್ಟೆವು ಎಂದು ಅವರು ವಿವರಿಸಲಾರರು ಎಂದಾದರೆ ವ್ಯವಹಾರ ಅಲ್ಲಿಗೇ ಮುಗಿಸಿ. ಡೊಮೇನ್ ಗುಂಪು ಮಾಡುವುದನ್ನೂ ನೋಡಬೇಕು. ವಿಳಾಸದ ಕೊನೆಯ ಎರಡು ತುಂಡು ಮಾತ್ರ ಇಟ್ಟುಕೊಳ್ಳುವ ತಂತ್ರಾಂಶದಲ್ಲಿ ಸೇವಾಸಿಂಧು, ಆಧಾರ್, ಆದಾಯ ತೆರಿಗೆ ಎಲ್ಲ ಸೇರಿ ‘ಗವ್ ಡಾಟ್ ಇನ್’ ಎಂಬ ಒಂದೇ ದೈತ್ಯ ಸೈಟಾಗುತ್ತದೆ. ‘ಡಾಟ್ ಭಾರತ’ ಎಂದು ಕನ್ನಡ ಲಿಪಿಯಲ್ಲಿರುವ ಡೊಮೇನುಗಳು ಲಾಗಿನಲ್ಲಿ ‘ಎಕ್ಸ್‌ಎನ್’ ಎಂದು ಶುರುವಾಗುವ ರೋಮನ್ ಅಕ್ಷರಗಳಾಗಿ ಬೀಳುತ್ತವೆ. ಕನ್ನಡದಲ್ಲಿ ಪದ ಹಾಕಿ ಹುಡುಕಿದರೆ ಸಿಗುವುದಿಲ್ಲ.

ಇಷ್ಟು ಮಾಡಿದರೂ ಮೂಲ ಲಾಗ್ ಉಳಿದಿರಬೇಕಲ್ಲ. ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ ಸ್ಕ್ವಿಡ್ ಜೊತೆ ಬರುವ, ಹಳೆಯ ಲಾಗ್ ತೆರವು ಮಾಡುವ ಲಾಗ್‌ರೊಟೇಟ್ ಕಡತದಲ್ಲಿ ‘ಡೈಲಿ’ ಮತ್ತು ‘ರೊಟೇಟ್ 2’ ಎಂದಿರುತ್ತದೆ. ಬದಲಿಸದಿದ್ದರೆ ಹಿಂದಿನ ಎರಡು ದಿನದ್ದು ಮಾತ್ರ ಉಳಿದು ಮಿಕ್ಕದ್ದು ಅಳಿಯುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವೋ ಲಾಗ್‌ಗಳನ್ನು 180 ದಿನ ಇಡಬೇಕೆನ್ನುತ್ತದೆ, ಅದು ಕಂಪನಿಗಳಿಗೂ ಸರ್ಕಾರಿ ಸಂಸ್ಥೆಗಳಿಗೂ ಅನ್ವಯ. ಘಟನೆ ನಡೆದು ತಿಂಗಳಾದ ಮೇಲೆ ಹುಡುಕುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಜಾಗದ ಭಯ ಬೇಡ. ಸಾಲಿಗೆ ಸುಮಾರು 150 ಬೈಟ್ ಎಂದು ಹಿಡಿದರೆ ದಿನಕ್ಕೆ ಹತ್ತು ಲಕ್ಷ ಸಾಲಿಗೆ 150 ಎಂಬಿ, 180 ದಿನಕ್ಕೆ 27 ಜಿಬಿ. ಜಿಜಿಪ್‌ನಿಂದ ಕುಗ್ಗಿಸಿದರೆ ಅದರ ಎಂಟನೇ ಒಂದೋ ಹತ್ತನೇ ಒಂದೋ ಪಾಲು. ಲಾಗ್‌ಗೆ ಬೇರೆಯೇ ಪಾರ್ಟಿಶನ್ ಇರಲಿ: ಜಾಗ ತುಂಬಿ ಬರೆಯಲಾಗದಿದ್ದರೆ ಸ್ಕ್ವಿಡ್ ತನ್ನ ಮೂಲ ಹೊಂದಿಕೆಯಂತೆ ಸತ್ತುಬೀಳುತ್ತದೆ, ಇಡೀ ಕಚೇರಿಯ ಇಂಟರ್ನೆಟ್ ನಿಲ್ಲುತ್ತದೆ. ಡಿಎಚ್‌ಸಿಪಿ ಲಾಗ್‌ಗೂ ಇಷ್ಟೇ ಆಯಸ್ಸು ಕೊಡಬೇಕು, ಒಂದಿಲ್ಲದೆ ಇನ್ನೊಂದು ನಿರುಪಯೋಗಿ. ನ್ಯಾಯಾಲಯದ ತನಕ ಹೋಗುವ ಸಂಗತಿಯಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯ (ಕಡತದಲ್ಲಿ ಒಂದಕ್ಷರ ಬದಲಾದರೂ ಬದಲಾಗುವ ಗುರುತುಸಂಖ್ಯೆ) ನಮೂದಿಸಬೇಕು. ಲಾಗ್ ತಿರುಗಿದ ದಿನವೇ ಜಿಜಿಪ್ ಕಡತದ ಎಸ್‌ಎಚ್‌ಎ 256 ಹ್ಯಾಶ್ ಮೌಲ್ಯ ತೆಗೆದು ಬೇರೆ ಯಂತ್ರದಲ್ಲಿ ಬರೆದಿಟ್ಟರೆ ಆಮೇಲೆ ಯಾರೂ ತಿದ್ದಿಲ್ಲವೆಂದು ತೋರಿಸಬಹುದು. ಬಣ್ಣದ ಪಿಡಿಎಫ್‌ಗೆ ಈ ಬಲ ಇಲ್ಲ.

ವರದಿಗಳನ್ನು ಇಡುವ ವೆಬ್ ಫೋಲ್ಡರಿಗೆ ಪಾಸ್‌ವರ್ಡ್ ಇಲ್ಲದಿರುವುದು ಬಹಳ ಕಡೆ ಕಾಣುವ ಲೋಪ. ಯಾರ ಕಂಪ್ಯೂಟರಿನಿಂದ ಯಾರು ಆಸ್ಪತ್ರೆಯ ಸೈಟ್ ನೋಡಿದರು, ಯಾರು ಬೇರೆ ಕೆಲಸ ಹುಡುಕಿದರು ಎಂಬುದೆಲ್ಲ ಒಳಜಾಲದ ಎಲ್ಲರಿಗೂ ತೆರೆದಿರುತ್ತದೆ. ಸಾರ್ವಜನಿಕ ಐಪಿ ಇದ್ದರೆ ಸರ್ಚ್ ಎಂಜಿನ್ನಿಗೂ ಸಿಗುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮ ಸಂಸ್ಥೆಗಳಿಗಾದರೂ ಅದು ನೆನಪಿರಬೇಕಿತ್ತು. ತಿಂಗಳ ವರದಿಗೆ ವಿಭಾಗವಾರು ಬೈಟ್ ಲೆಕ್ಕ ಸಾಕು; ಸ್ಕ್ವಿಡ್‌ನ ‘ಕ್ಲೈಂಟ್ ನೆಟ್‌ಮಾಸ್ಕ್’ ಬಳಸಿ ಐಪಿಯ ಕೊನೆಯ ಭಾಗವನ್ನೇ ಮರೆಮಾಡಬಹುದು. ಆದರೆ ಹಾಗೆ ಮರೆಮಾಡಿದ್ದನ್ನು ಆಮೇಲೆ ಬಿಡಿಸಲಾಗದು, 180 ದಿನದ ಮೂಲ ಲಾಗ್ ಇಡಬೇಕಾದವರು ಅದರ ಬದಲು ವರದಿಯ ಹಂತದಲ್ಲಿ ಹೆಸರು ತೆಗೆಯಲಿ. ಹೆಸರಿರುವ ಪುಟ ತೆರೆಯಲು ಲಿಖಿತ ದೂರು ಬೇಕು, ಯಾರು ಯಾವಾಗ ತೆರೆದರು ಎಂಬುದೂ ದಾಖಲಾಗಬೇಕು.

ನೋಟಿಸ್ ಕೊಡಲೇಬೇಕಾದ ಸಂದರ್ಭ ಬಂದರೆ ಅದರ ಜೊತೆ ಸಂಬಂಧಪಟ್ಟ ಮೂಲ ಸಾಲುಗಳನ್ನು, ಎರಡನೇ ಮತ್ತು ಐದನೇ ಕಾಲಂ ಸಮೇತ, ಆ ಹೊತ್ತಿನ ಡಿಎಚ್‌ಸಿಪಿ ನಮೂದಿನ ಜೊತೆ ಲಗತ್ತಿಸಲಿ. ಪಡೆದವರು ನಾಲ್ಕು ಗಂಟೆಯ ಎದುರು 60 ಕೆಬಿ ಇರುವುದನ್ನು ತೋರಿಸಿ ಉತ್ತರ ಬರೆಯುವಂತಿರಬೇಕು.

– ಕಾಲೇಜು ಮತ್ತು ಕಚೇರಿಗಳ ನೆಟ್‌ವರ್ಕ್ ನಿರ್ವಾಹಕರು, ಧಾರವಾಡ